ಇಪ್ಪತ್ತೇಳನೆಯ ನಂಬರಿನ ಮೂಗು

ಕಲಘಟಗಿ
೧೪ ಜೂನ್ ೧೯೮೭

ತಮ್ಮ ಉಡಚಪ್ಪನಿಗೆ ಅಕ್ಕ ಸಾವಂತ್ರೆವ್ವನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆದು, ಆಮೇಲೆ ಒಂದೊಂದೇ ಸಂಕಟ ಹೊರಗೆ ತೆಗೆಯುವುದು ನನಗೆ ಬರುವುದಿಲ್ಲ. ಅದಕ್ಕೇ ಮೊದಲೇ ಹೇಳುತ್ತೇನೆ. ನಮ್ಮ ಯಜಮಾನರ, ನಿಮ್ಮ ಮಾವನ, ಮೂಗು ಕೆಟ್ಟಿದೆ.

ಒಂದು ವರ್ಷದಿಂದ ಬಲಗಡೆಯ ಹೊಳ್ಳೆ ಕಟ್ಟಿಕೊಂಡಿತ್ತು. ನೆಗಡಿ ಎಂದು ಕಷಾಯ ಕುಡಿಸಿದೆ, ಒಣ ಶುಂಠಿ ಅರೆದು ಹಚ್ಚಿದೆ, ಏನೂ ಹತ್ತಲಿಲ್ಲ. ಹೋದ ಸೋಮವಾರ ಬೈದು ಬಸ್ಸು ಹತ್ತಿಸಿ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಬೆಳಕು ಬಿಟ್ಟು ನೋಡಿದವರೇ, "ಒಳಗ ದ್ರಾಕ್ಷಿ ಗೊನಿ ಬಿಟ್ಟಾವಲ್ರಿ ಯಜಮಾನ್ರ" ಎಂದು ನಕ್ಕರು. ನಿಮ್ಮ ಮಾವ, "ದ್ರಾಕ್ಷಿ ಆದ್ರ ಹರದು ಕೊಡ್ರಿ, ಈಕಿ ತಿಂತಾಳ" ಎಂದರು. ಹಾಗೆಂದರೂ ಕುರ್ಚಿಯ ಕೈ ಹಿಡಿದಿದ್ದ ಅವರ ಬೆರಳು ಬೆಳ್ಳಗಾಗಿದ್ದವು.

ಎರಡು ದಿನ ಅಲ್ಲೇ ಇಟ್ಟುಕೊಂಡು ತೆಗೆದರು. ತೆಗೆದದ್ದರಲ್ಲಿ ಒಂದು ಚೂರನ್ನು ಶೀಶೆಯಲ್ಲಿ ಹಾಕಿ ಕೊಡಿರಿ, ನಮ್ಮ ತಮ್ಮ ಮುಂಬಯಿಯ ದೊಡ್ಡ ದವಾಖಾನೆಯಲ್ಲಿ ಇಂಥವನ್ನೇ ಪರೀಕ್ಷೆ ಮಾಡುತ್ತಾನೆ ಎಂದು ಕೇಳಿ ಇಸಿದುಕೊಂಡೆ. ಬರುವಾಗ ಬಸ್ಸಿನಲ್ಲಿ ಶೀಶೆ ಸೋರಿ ಔಷಧಿ ಅರ್ಧ ಆಗಿತ್ತು. ನಾವು ತೊಟ್ಟಿಲ ಬಣ್ಣಕ್ಕೆ ಅರಗು ಕರಗಿಸುವ ಸ್ಪಿರಿಟ್ಟನ್ನೇ ಕಂಠಮಟ್ಟ ತುಂಬಿ ಬೂಚು ಬಿಗಿದಿದ್ದೇನೆ. ತಪ್ಪಾಗಿದ್ದರೆ ಬೈಯಿ. ಶೀಶೆಯನ್ನು ಲಾರಿ ಮಶಾಕಸಾಬ ತರುತ್ತಾನೆ. ಅವನಿಗೆ ಒಳಗೆ ಏನಿದೆ ಎಂದು ಹೇಳಿಲ್ಲ, ನೀನೂ ಹೇಳಬೇಡ. ಊಟ ಬಿಟ್ಟಾನು.

ಕಾಗದ ಹಳದಿಯಾಗಿದ್ದರೆ ಅನುಮಾನ ಬೇಡ. ಕೈಗೆ ಸಾಗವಾನಿಯ ಹುಡಿ ಮೆತ್ತಿತ್ತು, ತೊಳೆಯುವಷ್ಟು ಪುರುಸೊತ್ತು ಇರಲಿಲ್ಲ.

ನಿನ್ನ ಅಕ್ಕ,
ಸಾವಂತ್ರೆವ್ವ


ಮುಂಬಯಿ
೯ ಆಗಸ್ಟ್ ೧೯೮೭

ಅಕ್ಕನಿಗೆ ಉಡಚಪ್ಪನ ನಮಸ್ಕಾರ.

ಕೂತುಕೊಂಡು ನಿಧಾನವಾಗಿ ಓದು, ಹೆದರುವಂಥದ್ದು ಏನೂ ಇಲ್ಲ. ಹೊಳಬಸಪ್ಪ ಮಾವನ ಮೂಗಿನಲ್ಲಿ ಇದ್ದದ್ದು ಕ್ಯಾನ್ಸರ್ ಅಲ್ಲ. ಅಂಗಿಯ ತೋಳನ್ನು ಒಳಮುಖವಾಗಿ ಎಳೆದುಬಿಟ್ಟರೆ ಹೇಗಿರುತ್ತದೆಯೋ ಹಾಗೆ ಮೂಗಿನ ಒಳಪದರ ಒಳಗೊಳಗೇ ಮಡಚಿಕೊಂಡು ಬೆಳೆದ ಗಡ್ಡೆ ಅದು. ತೆಗೆದರೂ ಮರಳಿ ಬರುವ ಹಟ ಅದಕ್ಕಿದೆ. ಅದಕ್ಕೇ ಆರು ತಿಂಗಳಿಗೊಮ್ಮೆ ಹುಬ್ಬಳ್ಳಿಯಲ್ಲಿ ತೋರಿಸುತ್ತಿರಬೇಕು.

ನಿನ್ನ ಸ್ಪಿರಿಟ್ಟಿಗೆ ಬೈಯುವುದೇನಿಲ್ಲ, ಹೊಗಳುವುದೇ ಇದೆ. ಚೂರು ಚೆನ್ನಾಗಿ ಉಳಿದು ಬಂದಿದೆ. ಅದನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹಾಸಿ ಬಣ್ಣ ಕಟ್ಟುವುದು ನನ್ನ ಕೆಲಸ. ಬಡಿಗರ ಮನೆಯಲ್ಲಿ ಹುಟ್ಟಿ ಓದಿ ಬಂದು ಏನು ಮಾಡಿದೆ ಎಂದರೆ ಇಲ್ಲೂ ತೆಳ್ಳಗೆ ಹೆರೆಯುವ ರಂದಾ ಹೊಡೆಯುತ್ತಿದ್ದೇನೆ, ಅಷ್ಟೇ.

ಇನ್ನೊಂದು ಸಂಗತಿ. ನಮ್ಮ ಡಾಕ್ಟರು ರಜಿಯಾಬೇಗಂ ಅವರು ಇಂಥ ಮೂಗಿನ ಗಡ್ಡೆಗಳಲ್ಲಿ ವೈರಸ್ಸು ಇದೆಯೇ ಎಂದು ಹುಡುಕುತ್ತಿದ್ದಾರೆ. ಕೈಮೇಲೆ ನರಹುಲಿ ಎಬ್ಬಿಸುತ್ತದಲ್ಲ, ಅದೇ ಕುಲದ ವೈರಸ್ಸು. ಇಪ್ಪತ್ತಾರು ಜನರ ಚೂರುಗಳಲ್ಲಿ ಮೂರರಲ್ಲಿ ಮಾತ್ರ ಸಿಕ್ಕಿತ್ತು. ಮಾವನದು ಇಪ್ಪತ್ತೇಳನೆಯ ನಂಬರು. ಅದರಲ್ಲಿ ಸಿಕ್ಕಿತು! ಮೇಡಂ ಸಿಹಿ ಹಂಚಿದರು. ರೋಗಿಗೆ ಸಂಕಟ, ನಮಗೆ ಸಂಭ್ರಮ, ಇಲ್ಲಿಯ ಕೆಲಸವೇ ಹೀಗೆ.

ಪ್ರತಿ ರೋಗಿಗೂ ಒಂದು ಫಾರಂ ತುಂಬಬೇಕು. ನಿನ್ನನ್ನು ಕೇಳುವುದೇನು, ನಾನು ಕಾಣದ ಮನೆಯೇ? ನಾನೇ ತುಂಬಿದೆ. ವಯಸ್ಸು ನಲವತ್ತಾರು. ಕಸಬು, ತೊಟ್ಟಿಲು ಮಾಡುವುದು. ಬೀಡಿ ಇಲ್ಲ. ಮನೆಯಲ್ಲಿ ಕಟ್ಟಿಗೆಯ ಕೆಲಸ ಮಾಡುವವರು ಎಷ್ಟು ಜನ ಎಂದು ಕೇಳಿದ್ದರು, ಒಬ್ಬರು ಎಂದು ಬರೆದೆ.

ಮಾವ ಒಂದು ಮಾತು ನಡೆಸಿಕೊಡಬೇಕು. ಕಟ್ಟಿಗೆಯ ಹುಡಿ ಇಂಥ ಮೂಗಿಗೆ ಆಗಿಬರುವುದಿಲ್ಲ. ಕೊರೆಯುವುದು, ಜೋಡಿಸುವುದು ಮಾಡಲಿ, ಬಣ್ಣ ಹಾಕಲಿ. ಪಾಲಿಶ್ ಪೇಪರ್ ಮಾತ್ರ ಮುಟ್ಟಬಾರದು. ಉಜ್ಜುವುದನ್ನು ಬೇರೆ ಯಾರಾದರೂ ಮಾಡಲಿ.

ದೇವಕ್ಕನಿಗೆ ಸೋದರಮಾವ ಕೇಳಿದ ಎಂದು ಹೇಳು.

ಉಡಚಪ್ಪ


ಕಲಘಟಗಿ
೩೦ ಆಗಸ್ಟ್ ೧೯೮೭

ತಮ್ಮ ಉಡಚಪ್ಪನಿಗೆ ಆಶೀರ್ವಾದ.

ಕ್ಯಾನ್ಸರ್ ಅಲ್ಲ ಎಂದು ನೀನು ಬರೆದ ಸಾಲನ್ನು ನಿಮ್ಮ ಮಾವ ಮೂರು ಸಲ ಓದಿಸಿಕೊಂಡರು. ನಾಲ್ಕನೆಯ ಸಲ ಓದೆಂದಾಗ ನಾನು ಕಾಗದ ಮಡಚಿ ಸೆರಗಿಗೆ ಕಟ್ಟಿಕೊಂಡೆ.

ಆದರೆ ನೀನು ಸಿಹಿ ತಿಂದ ಸುದ್ದಿ ನನ್ನ ಗಂಟಲಲ್ಲಿ ಇಳಿಯಲಿಲ್ಲ. ವೈರಸ್ಸು ಎಂದರೆ ಅಂಟುವಂಥದ್ದೇ ಅಲ್ಲವೇ? ನಾವು ಮಾಡುವುದು ತೊಟ್ಟಿಲು, ತಮ್ಮಾ. ಹನ್ನೆರಡು ದಿನದ ಕೂಸನ್ನು ತಂದು ಅದರಲ್ಲಿ ಮಲಗಿಸುತ್ತಾರೆ. ಅದು ಬಾಯಿಗೆ ಸಿಕ್ಕ ಪಟ್ಟಿಯನ್ನು ಚೀಪುತ್ತದೆ. ಮೊನ್ನೆ ಅಣ್ಣಿಗೇರಿಯ ಬಸವಣ್ಣೆಪ್ಪನವರು ಮೊಮ್ಮಗನ ತೊಟ್ಟಿಲು ಒಯ್ಯಲು ಬಂದಿದ್ದರು. "ಏನೋ ಹೊಳಬಸಪ್ಪ, ನಿನ್ನ ದನಿ ಮೂಗಿನ್ಯಾಗಿಂದ ಬರಾಕತ್ತೈತಿ?" ಎಂದರು. ನಾನು ಒಳಗಿನಿಂದಲೇ, "ನೆಗಡಿ ಆಗೈತ್ರಿ ಅಣ್ಣಾರ, ಮಳಿಗಾಲ ಅಲ್ರಿ" ಎಂದುಬಿಟ್ಟೆ. ಅವರು ಹೋಗುವ ಮುಂಚೆ ಬೇವಿನೆಲೆ ಕುದಿಸಿದ ನೀರಿನಲ್ಲಿ ಬಟ್ಟೆ ಅದ್ದಿ ತೊಟ್ಟಿಲನ್ನು ನಾಲ್ಕೂ ಕಡೆ ಒರೆಸಿದೆ. ಅದರ ಮೇಲೆ ಬರೆದಿದ್ದ ಕೃಷ್ಣನ ಕಿರೀಟದ ಬಣ್ಣ ಸ್ವಲ್ಪ ಬಿಟ್ಟಿತು. ಬಿಡಲಿ ಅತ್ತ. ಅಂದಿನಿಂದ ಆ ಕೂಸಿನ ಚಿಂತೆಯೇ ನನಗೆ.

ಅವರ ತಾಟು, ಟವೆಲ್ಲು, ಕರವಸ್ತ್ರ ಇವನ್ನೆಲ್ಲ ಇಷ್ಟು ವರ್ಷ ನಾನೇ ತೊಳೆದಿದ್ದೇನೆ. ಈಗ ಬೇರೆ ಇಡಬೇಕೋ? ಇಟ್ಟರೆ ಅವರ ಮನಸ್ಸಿಗೆ ಹತ್ತುತ್ತದೆ. ಇದನ್ನು ಬಿಡಿಸಿ ಬರೆ.

ಪಾಲಿಶ್ ಪೇಪರನ್ನು ಅವರ ಕೈಯಿಂದ ಕಸಿದಿಟ್ಟಿದ್ದೇನೆ. ರೋಗ ಇದ್ದ ಮೂಗಿಗೆ ಹುಡಿ ಆಗುವುದಿಲ್ಲ ಎನ್ನುವುದು ನನಗೂ ತಿಳಿಯಿತು. ಉಜ್ಜುವುದು ಹೇಗೋ ನಡೆಯುತ್ತದೆ, ಅದನ್ನು ನೀನು ತಲೆಗೆ ಹಚ್ಚಿಕೊಳ್ಳಬೇಡ. ಫಾರಂ ಸರಿಯಾಗಿಯೇ ತುಂಬಿದ್ದಿ. ನಮ್ಮ ಮನೆಯಲ್ಲಿ ಕೆಲಸ ಮಾಡುವವರು ಅವರೊಬ್ಬರೇ.

ಸಾವಂತ್ರೆವ್ವ


ಮುಂಬಯಿ
೧೮ ಅಕ್ಟೋಬರ್ ೧೯೮೭

ಅಕ್ಕನಿಗೆ ನಮಸ್ಕಾರ.

ಉತ್ತರ ತಡವಾಯಿತು. ಬೈಗುಳವನ್ನು ಮುಂದಿನ ಕಾಗದದಲ್ಲಿ ಸೇರಿಸಿ ಕಳಿಸು.

ತೊಟ್ಟಿಲಿನಿಂದ ಕೂಸಿಗೆ ಏನೂ ಆಗುವುದಿಲ್ಲ. ಬಸವಣ್ಣೆಪ್ಪನವರ ಮೊಮ್ಮಗ ಪಟ್ಟಿ ಚೀಪಲಿ, ಕೃಷ್ಣನ ಕಿರೀಟವನ್ನೂ ಚೀಪಲಿ. ಮನೆಯವರಿಗೆ ಅಂಟುತ್ತದೆಯೇ ಎಂದರೆ, ಈ ವೈರಸ್ಸು ಮೂಗಿಗೆ ಎಲ್ಲಿಂದ, ಹೇಗೆ ಬರುತ್ತದೆ ಎಂದು ಇಲ್ಲಿ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಟವೆಲ್ಲು ಬೇರೆ ಇಟ್ಟರೆ ನಷ್ಟವಂತೂ ಇಲ್ಲ.

ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ನಮ್ಮ ಮೈಯಲ್ಲಿರುವ ಒಂದೊಂದು ಜೀವಕೋಶಕ್ಕೂ ಒಂದು ಬಾಗಿಲಿದೆ ಎಂದುಕೊ. ಬಾಗಿಲು ತೆರೆದರೆ ಅದು ಒಡೆದು ಎರಡಾಗುತ್ತದೆ, ಮುಚ್ಚಿದರೆ ಸುಮ್ಮನೆ ಇರುತ್ತದೆ. ಬಾಗಿಲಲ್ಲಿ ಕಾವಲು ಕೂತವು ಕೆಲವು ಪ್ರೋಟೀನುಗಳು. "ಈಗ ಬ್ಯಾಡ, ತಡಿ" ಎನ್ನುವವು ಕೆಲವು, "ಹೂಂ, ನಡಿ" ಎನ್ನುವವು ಕೆಲವು. ವೈರಸ್ಸು ಒಳಗೆ ಹೊಕ್ಕು "ತಡಿ" ಎನ್ನುವವನಿಗೆ ಏನೋ ಮಾಡುತ್ತದೆ ಎಂದು ಮೇಡಂ ಅವರ ಗುಮಾನಿ. ಒಡೆಯಲು ಹೊರಟ ಜೀವಕೋಶದಲ್ಲಿ ಮಾತ್ರ ಕಾಣುವ ಇನ್ನೊಂದು ಪ್ರೋಟೀನು ಇದೆ. ಅದನ್ನು ಕಂದು ಬಣ್ಣದಲ್ಲಿ ತೋರಿಸುವ ಔಷಧಿಯನ್ನು ಹೊರದೇಶದಿಂದ ತರಿಸಿದ್ದಾರೆ. ಮಾವನ ಚೂರಿಗೆ ಹಾಕಿ ನೋಡಿದೆ. ತಳದ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಕಂದು, ಅಷ್ಟೇ. ಅಂದರೆ ಕಾವಲು ಪೂರ್ತಿ ಸತ್ತಿಲ್ಲ.

ಇಲ್ಲಿ ಹೊಸ ರೋಗಿಗಳ ನೋಂದಣಿ ಮುಗಿಯಿತು. ಔಷಧಿ ಕಡಿಮೆ ಇರುವುದರಿಂದ, ಈಗಾಗಲೇ ನಂಬರು ಇದ್ದವರ ಗಡ್ಡೆ ಮರಳಿ ಬಂದರೆ ಮಾತ್ರ ನೋಡಬೇಕೆಂದು ಮೇಡಂ ಹೇಳಿದ್ದಾರೆ. ಮಾವನಿಗೆ ನಂಬರು ಇದೆ. ಅಷ್ಟರ ಮಟ್ಟಿಗೆ ನಾವು ಅದೃಷ್ಟವಂತರು.

ಉಡಚಪ್ಪ


ಕಲಘಟಗಿ
೧೦ ಜುಲೈ ೧೯೮೮

ತಮ್ಮ ಉಡಚಪ್ಪನಿಗೆ ಆಶೀರ್ವಾದ.

ಒಂಬತ್ತು ತಿಂಗಳಲ್ಲಿ ನಿನ್ನದು ಎರಡು ಕಾರ್ಡು, ನನ್ನದು ಒಂದು. ಹೀಗೇ ನಡೆದರೆ ಅಕ್ಕ ತಮ್ಮಂದಿರು ಎಂದು ಯಾರಿಗೆ ಹೇಳಿದರೂ ನಂಬುವುದಿಲ್ಲ.

ಒಳ್ಳೆಯ ಸುದ್ದಿ ಮೊದಲು. ನಮ್ಮ ದೇವಕ್ಕನಿಗೆ ಏಳು ತಿಂಗಳು. ಹೋದ ವಾರ ಅವಳ ಗಂಡನ ಮನೆ ಕುಂದಗೋಳಕ್ಕೆ ಹೋಗಿ, ಸೀಮಂತದ ಕುಬಸ ಮಾಡಿ ಚೊಚ್ಚಲ ಹೆರಿಗೆಗೆ ಕರೆದುಕೊಂಡು ಬಂದೆ. ಇಷ್ಟು ವರ್ಷ ಊರ ಮಂದಿಯ ಮೊಮ್ಮಕ್ಕಳಿಗೆ ತೊಟ್ಟಿಲು ಮಾಡಿದ್ದಾಯಿತು, ಈಗ ನಮ್ಮದಕ್ಕೆ. ನಿಮ್ಮ ಮಾವ ಎಲ್ಲಿಂದಲೋ ಒಂದು ಹಳೆಯ ಸಾಗವಾನಿ ತೊಲೆ ತಂದಿದ್ದಾರೆ. ಅದರ ನಾರು ನೋಡಬೇಕು ನೀನು! ಎಷ್ಟು ಉಜ್ಜಿದರೂ ಇನ್ನೂ ಉಜ್ಜಬೇಕು ಎನ್ನಿಸುತ್ತದೆ. ಸಂದಿಯಲ್ಲಿ ಕೂತ ಹುಡಿಯನ್ನು ಬಾಯಿಯಿಂದ ಊದಿದರೆ ಒಳಗಿನಿಂದ ಜೇನಿನ ಬಣ್ಣ ಏಳುತ್ತದೆ.

ಇನ್ನು ಎರಡನೆಯದು. ನಿಮ್ಮ ಮಾವನ ಮೂಗಿನಲ್ಲಿ ಮತ್ತೆ ಶುರುವಾಗಿದೆ. ಈ ಸಲ ಎಡಗಡೆ. ಯುಗಾದಿಯಿಂದಲೂ ವಾಸನೆ ಸರಿಯಾಗಿ ತಿಳಿಯುತ್ತಿಲ್ಲ. ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ, ಹೊಗೆ ಕಣ್ಣಿಗೆ ಹತ್ತಿದ ಮೇಲೇ ಗೊತ್ತು. ಒಮ್ಮೊಮ್ಮೆ ರಕ್ತ ಬರುತ್ತದೆ. ಮೊನ್ನೆ ರೊಟ್ಟಿಯ ಹಿಟ್ಟು ನಾದುವಾಗ ಟಪ್ಪನೆ ಒಂದು ಹನಿ ಹಿಟ್ಟಿನ ಮೇಲೇ ಬಿತ್ತು. ಆ ಮುದ್ದೆಯನ್ನು ಎಮ್ಮೆಗೂ ಹಾಕದೆ ತಿಪ್ಪೆಗೆ ಎಸೆದೆ.

ಹುಬ್ಬಳ್ಳಿಯಲ್ಲಿ ಹಳೆಯ ಡಾಕ್ಟರು ವರ್ಗವಾಗಿ ಹೋಗಿದ್ದಾರೆ, ಹೊಸಬರು ಇದ್ದರು. ಒಂದು ಚೂರು ತೆಗೆದು, "ಇಲ್ಲೇ ಪರೀಕ್ಷಾಕ್ಕ ಕೊಡ್ರಿ" ಎಂದರು. ನಮ್ಮ ತಮ್ಮ ಇರುವಾಗ ಬೇರೆಯವರ ಕೈಗೆ ಯಾಕೆ ಎಂದು ಶೀಶೆ ಇಸಿದುಕೊಂಡು ಬಂದೆ. ಈ ಸಲ ಮೊದಲೇ ಸ್ಪಿರಿಟ್ಟು ಒಯ್ದಿದ್ದೆ. ಮಶಾಕಸಾಬನ ಕೈಯಲ್ಲಿ ಕಳಿಸಿದ್ದೇನೆ. ಶೀಶೆಯ ಮೇಲೆ ನಿಮ್ಮ ಮಾವನ ನಂಬರು ಬರೆದಿದ್ದೇನೆ, ಇಪ್ಪತ್ತೇಳು.

ಬಾಜೂಮನೆಯ ಜುಲೇಖಾಬಿಯ ಜೊತೆ ಯಮನೂರಿನ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬಂದೆ. ನೀನು ನಗು. ನಾನೇನೂ ದವಾಖಾನೆ ಬಿಟ್ಟು ಹೋಗಿಲ್ಲವಲ್ಲ.

ಸಾವಂತ್ರೆವ್ವ


ಮುಂಬಯಿ
೨ ಆಗಸ್ಟ್ ೧೯೮೮

ಅಕ್ಕನಿಗೆ ನಮಸ್ಕಾರ.

ದೇವಕ್ಕನ ಸುದ್ದಿ ಓದಿ ಇಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ. ನಾನು ಎತ್ತಿ ಆಡಿಸಿದ ಹುಡುಗಿ! ತೊಟ್ಟಿಲಿನ ಒಂದು ಫೋಟೋ ತೆಗೆಸಿ ಕಳಿಸು.

ಮಾವನ ಶೀಶೆ ಬಂತು. ಮರಳಿ ಬರುವ ಹಟ ಇದೆ ಎಂದು ನಾನು ಮೊದಲೇ ಬರೆದಿದ್ದೆ, ಅದರಂತೆ ಬಂದಿದೆ. ಹಳೆಯ ರೋಗಿ, ಹಳೆಯ ವೈರಸ್ಸು, ಗೊತ್ತಿರುವ ಗಡ್ಡೆ. ಗಡಿಬಿಡಿ ಮಾಡುವಂಥದ್ದಲ್ಲ. ಇಲ್ಲಿ ಕ್ಯಾನ್ಸರ್ ಅನುಮಾನ ಇರುವವರ ಸಾಲು ಬಾಗಿಲ ತನಕ ಇದೆ, ಅವರದು ಮೊದಲು ಮುಗಿಸಬೇಕು. ಆಮೇಲೆ ವೈರಸ್ಸಿನ ಪರೀಕ್ಷೆಗೆ ಸ್ಲೈಡನ್ನು ನಾಲ್ಕು ವಾರ ಕಪ್ಪು ಪೆಟ್ಟಿಗೆಯಲ್ಲಿ ಮುಚ್ಚಿಡಬೇಕು, ಬೆಳಕು ಸೋಕಬಾರದು. ದಸರೆಯ ಹೊತ್ತಿಗೆ ತಿಳಿಯುತ್ತದೆ.

ಮಾವನಿಗೆ ಹೇಳು, ಈ ಸಲದ ದ್ರಾಕ್ಷಿಯನ್ನೂ ಅಕ್ಕನೇ ತಿನ್ನಬೇಕಂತೆ.

ಉಡಚಪ್ಪ


ಕಲಘಟಗಿ
೨೫ ಸೆಪ್ಟೆಂಬರ್ ೧೯೮೮

ತಮ್ಮ ಉಡಚಪ್ಪನಿಗೆ ಆಶೀರ್ವಾದ.

ದೇವಕ್ಕನಿಗೆ ಹೆಣ್ಣು ಕೂಸು. ಹನ್ನೊಂದನೆಯ ತಾರೀಖು ಬೆಳಿಗ್ಗೆ ಹುಟ್ಟಿತು. ತಾಯಿ ಮಗಳು ಇಬ್ಬರೂ ಗಟ್ಟಿಯಾಗಿದ್ದಾರೆ. ಹೆಸರಿಟ್ಟ ದಿನ ತೊಟ್ಟಿಲಿಗೆ ಹಾಕಿದರೆ ಅದು ಕಣ್ಣು ಅಗಲಿಸಿ ಮೇಲಿನ ಗಿಳಿಗಳನ್ನೇ ನೋಡುತ್ತಿತ್ತು. ಆ ಗಿಳಿಗಳಿಗೆ ಕಣ್ಣು ಬರೆದವಳು ನಾನು. ನನಗೆ ಅಳು ಬಂತು, ಮೂಗು ಒರೆಸಿಕೊಂಡರೆ ಸೆರಗು ಕೆಂಪಾಯಿತು. ಅರಿಶಿನ ಕುಂಕುಮದ ಗದ್ದಲದಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಸೆರಗಿನ ಕಲೆ ಕುಂಕುಮದ್ದೇ ಇರಬೇಕು. ಏನೇನೋ ಬರೆಯುತ್ತೇನೆ, ಬಿಡು.

ಇಪ್ಪತ್ತೇಳನೆಯ ನಂಬರಿನದು ಏನಾಯಿತು? ಎಡಗೆನ್ನೆ ಬಾತಿದೆ, ಅವರಿಗೆ. ಕಣ್ಣಿನ ಕೆಳಗೆ ಒತ್ತಿದರೆ ಹಲ್ಲಿನ ತನಕ ನೋವು ಹೊಡೆಯುತ್ತದೆ. ಎದುರಿಗೆ ಬಂದವರು ಇಬ್ಬರಾಗಿ ಕಾಣುತ್ತಾರೆ. ಅವಸರವೇನೂ ಇಲ್ಲ, ಗೊತ್ತಾದರೆ ಬರೆ ಎಂದೆ ಅಷ್ಟೇ.

ಸಾವಂತ್ರೆವ್ವ


ಮುಂಬಯಿ
೮ ಅಕ್ಟೋಬರ್ ೧೯೮೮
(ಬರೆದು ಅಂಚೆಗೆ ಹಾಕದೆ ಇಟ್ಟದ್ದು)

ಅಕ್ಕಾ,

ಇವತ್ತು ಮಧ್ಯಾಹ್ನ ಕಪ್ಪು ಪೆಟ್ಟಿಗೆ ತೆರೆದೆ. ವೈರಸ್ಸು ಇದ್ದರೆ ಸ್ಲೈಡಿನ ಮೇಲೆ ಎಳ್ಳು ಚೆಲ್ಲಿದಂತೆ ಕರಿ ಚುಕ್ಕೆ ಬೀಳಬೇಕು. ಒಂದೂ ಇರಲಿಲ್ಲ. ನನ್ನದೇ ತಪ್ಪಾಗಿರಬೇಕು ಎಂದು ಹೋದ ವರ್ಷದ ಸ್ಲೈಡನ್ನು ಬಾಜೂಕೆ ಇಟ್ಟು ನೋಡಿದೆ. ಅದರಲ್ಲಿ ಇದೆ, ಇದರಲ್ಲಿ ಇಲ್ಲ.

ಆಮೇಲೆ ಕಂದು ಬಣ್ಣದ ಸ್ಲೈಡು ನೋಡಿದೆ. ಹೋದ ವರ್ಷ ಅಲ್ಲೊಂದು ಇಲ್ಲೊಂದು ಎಂದು ಬರೆದಿದ್ದೆನಲ್ಲ? ಈ ಸಲ ಎಲ್ಲಿ ನೋಡಿದರೂ ಕಂದು. "ತಡಿ" ಎನ್ನುವವನು ಒಬ್ಬನೂ ಉಳಿದಿಲ್ಲ. ಗಡ್ಡೆಯ ಜಾತಿಯೇ ಬೇರೆ. ಇದು ಕ್ಯಾನ್ಸರ್. ಮೂಗಿನ ಮೇಲ್ಭಾಗದಲ್ಲಿ, ಕಣ್ಣಿನ ಬಾಜೂಕೆ ಹುಟ್ಟುವಂಥದ್ದು. ಹೊರದೇಶದಲ್ಲಿ ಇಪ್ಪತ್ತು ಮೂವತ್ತು ವರ್ಷ ಕಟ್ಟಿಗೆಯ ಹುಡಿ ಕುಡಿದ ಬಡಿಗರ ಮೂಗಿನಲ್ಲಿ ಇದನ್ನೇ ಕಂಡಿದ್ದಾರೆ. ಈ ಸಂಗತಿ ನನಗೆ ಹೋದ ವರ್ಷವೇ ಗೊತ್ತಿತ್ತು. ನೀನು ಹೆದರುತ್ತೀ ಎಂದು ಬರೆಯಲಿಲ್ಲ. ಹುಡಿ ಇಂಥ ಮೂಗಿಗೆ ಆಗುವುದಿಲ್ಲ ಎಂದು ಬರೆದೆ. ಯಾವ ಮೂಗಿಗೂ ಆಗುವುದಿಲ್ಲ ಎಂದು ಬರೆಯಬೇಕಿತ್ತು.

ಒಬ್ಬನೇ ಮನುಷ್ಯನ ಮೂಗಿನಲ್ಲಿ ಹೀಗೆ ಎರಡು ಬೇರೆ ಬೇರೆ ರೋಗವೇ ಎಂದು ಮೇಡಂ ಅವರಿಗೆ ತೋರಿಸಿದೆ. ಅವರು ಚೂರಿನ ಅಂಚಿಗೆ, ಇನ್ನೂ ಕೆಡದ ಜೀವಕೋಶಗಳಿದ್ದ ಕಡೆ ಸ್ಲೈಡು ಸರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ನನಗೆ ಜಾಗ ಬಿಟ್ಟರು. "ಕೋಶಕೇಂದ್ರದ ಅಂಚಿನಲ್ಲಿ ಏನಿದೆ ನೋಡು" ಎಂದರು.

ಒಂದು ಚುಕ್ಕೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿತ ಪಾಠ ಅದು. ಹೆಣ್ಣಿನ ಜೀವಕೋಶದ ಕೇಂದ್ರದಲ್ಲಿ ಅಂಚಿಗೆ ಅಂಟಿಕೊಂಡು ಒಂದು ಗಾಢ ಚುಕ್ಕೆ ಇರುತ್ತದೆ. ಗಂಡಸಿನದರಲ್ಲಿ ಇರುವುದಿಲ್ಲ. ನಿನ್ನ ಸ್ಪಿರಿಟ್ಟಿನಲ್ಲಿ ನೆನೆದದ್ದಕ್ಕೆ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು ಎಂದರೆ, ಇಲ್ಲ ಎನ್ನುವ ದಾರಿಯೇ ನನಗೆ ಉಳಿಯಲಿಲ್ಲ. ಒಂದು ಎಣಿಸಿದೆ, ಹತ್ತು ಎಣಿಸಿದೆ. ಮೇಡಂ ಕೇಳಿದರು, "ಆ ಮನೆಯಲ್ಲಿ ಕಟ್ಟಿಗೆಯ ಕೆಲಸ ಮಾಡುವ ಹೆಣ್ಣುಮಕ್ಕಳು ಇದ್ದಾರೆಯೇ?" ಇಲ್ಲ ಎಂದು ಬಾಯಿ ತೆರೆದವನು ಎದ್ದು ನಾನೇ ತುಂಬಿದ ಫಾರಂ ಹುಡುಕಿ ತೆಗೆದೆ.

ನಾನು ಕಾಣದ ಮನೆಯೇ ಎಂದು ಜಂಬ ಕೊಚ್ಚಿದ್ದೆನಲ್ಲ. ನಾನು ಕಂಡದ್ದು ಏನು? ಅವ್ವ ಉಜ್ಜುತ್ತಿದ್ದಳು, ನೀನು ಉಜ್ಜುತ್ತಿದ್ದೆ. ಏಳು ವರ್ಷದವಳು ಕಾಲು ಚಾಚಿ ಕೂತು ಪಾಲಿಶ್ ಪೇಪರ್ ಆಡಿಸಿ, ಉಫ್ ಎಂದು ಊದಿ, ಬಿಳೀ ಹುಬ್ಬಿನ ಮುದುಕಿಯ ಹಾಗೆ ನನ್ನನ್ನು ನೋಡಿ ನಗುತ್ತಿದ್ದೆ. ಅಪ್ಪನಿಗೆ ಉಳಿ ಇತ್ತು, ರಂದಾ ಇತ್ತು. ಅವನದು ಕೆಲಸ. ನಿಮ್ಮದು ಕೈ ಖಾಲಿ ಇದ್ದಾಗ ಮಾಡುವ ಉಸಾಬರಿ. ಅದಕ್ಕೇ ಫಾರಂನಲ್ಲಿ ಒಬ್ಬರು ಎಂದು ಬರೆದೆ. ಉಜ್ಜುವುದನ್ನು ಬೇರೆ ಯಾರಾದರೂ ಮಾಡಲಿ ಎಂದೂ ನಾನೇ ಬರೆದೆ. ಬೇರೆ ಯಾರು ಇದ್ದರು ಆ ಮನೆಯಲ್ಲಿ?

ಇದು ಒಂದು ವರ್ಷದ ರೋಗ ಅಲ್ಲ, ಮೂವತ್ತು ವರ್ಷದ್ದು, ನನ್ನ ಕಾಗದದಿಂದ ಬಂದದ್ದಲ್ಲ ಎಂದು ಮೇಡಂ ಸಮಾಧಾನ ಹೇಳಿದರು. ಇರಬಹುದು. ಆದರೆ ಹೋದ ವರ್ಷವೇ ಅಕ್ಕಾ, ನೀನೂ ಒಮ್ಮೆ ಮೂಗು ತೋರಿಸು ಎಂದು ಒಂದು ಸಾಲು ಬರೆಯಬಹುದಿತ್ತು. ಜುಲೈಯಲ್ಲಿ ಬಂದ ಶೀಶೆಯ ಮೇಲೆ ಇಪ್ಪತ್ತೇಳು ಎಂದು ನೋಡಿ, ಹಿಂದಕ್ಕೆ ಸರಿಸಿ ಇಟ್ಟ ಕೈಯೂ ನನ್ನದೇ. ಮಾವ ಎಂದು ರೊಟ್ಟಿಯ ಹಿಟ್ಟು ನಾದಿದ್ದಾರೆ? ಅದನ್ನು ಓದಿಯೂ ನಾನು ದ್ರಾಕ್ಷಿಯ ತಮಾಷೆ ಬರೆದೆ.

ಇದನ್ನು ನಿನಗೆ ಕಳಿಸಲಾರೆ. ಓದಿ ನೀನು ಏನು ಅಂದುಕೊಳ್ಳುತ್ತೀಯೋ ಎಂದು ಹೆದರಿಕೆ. ಎದುರಿಗೆ ಕೂತು ಕೈ ಹಿಡಿದು ಹೇಳುತ್ತೇನೆ.


ಮುಂಬಯಿ
೯ ಅಕ್ಟೋಬರ್ ೧೯೮೮

ಅಕ್ಕನಿಗೆ ನಮಸ್ಕಾರ.

ಈ ಸಲ ಬಂದ ಚೂರು ಮಾವನದಲ್ಲ, ನಿನ್ನದು. ನನಗೆ ಗೊತ್ತಾಗಿದೆ. ಹೇಗೆ ಎಂದು ಕೇಳಬೇಡ, ಬೈಯುವುದೂ ಇಲ್ಲ. ಗಡ್ಡೆ ಬೆಳೆಯುತ್ತಿದೆ, ಇನ್ನು ತಡ ಮಾಡಬಾರದು. ಕಾಗದ ಮುಟ್ಟಿದ ಕೂಡಲೇ ಮಾವನನ್ನು ಕರೆದುಕೊಂಡು ರೈಲು ಹತ್ತು. ಇಲ್ಲಿ ಡಾಕ್ಟರ ಹತ್ತಿರ ಮಾತಾಡಿದ್ದೇನೆ, ಸ್ಟೇಷನ್ನಿಗೆ ನಾನೇ ಬರುತ್ತೇನೆ. ಉಳಿದದ್ದನ್ನು ಎದುರಿಗೆ ಹೇಳುತ್ತೇನೆ.

ಉಡಚಪ್ಪ


ಕಲಘಟಗಿ
೧೯ ಅಕ್ಟೋಬರ್ ೧೯೮೮

ತಮ್ಮ ಉಡಚಪ್ಪನಿಗೆ ಆಶೀರ್ವಾದ.

ಹಿಡಿದುಬಿಟ್ಟೆಯಲ್ಲೋ! ಅಲ್ಲಿ ಕೂತು ಗಾಜಿನಲ್ಲಿ ನನ್ನ ಮೋರೆ ಕಂಡಿತೇ? ಚಿಕ್ಕವನಿದ್ದಾಗ ಬೆಲ್ಲದ ಗಡಿಗೆಗೆ ಕೈ ಹಾಕಿ ನೀನು ಸಿಕ್ಕಿಬೀಳುತ್ತಿದ್ದೆ, ಈಗ ನನ್ನ ಸರದಿ.

ಸುಳ್ಳು ಹೇಳಿದೆ ಎಂದು ಸಿಟ್ಟಾಗಬೇಡ. ಹೊಸಬರನ್ನು ನೋಡುವುದಿಲ್ಲ, ನಂಬರು ಇದ್ದವರದು ಮಾತ್ರ ಎಂದು ನೀನೇ ಬರೆದಿದ್ದೆ. ನಮ್ಮ ಮನೆಯಲ್ಲಿ ಒಂದೇ ನಂಬರು ಇತ್ತು. ಅದೂ ಅಲ್ಲದೆ ನನಗೇ ಎಂದು ಗೊತ್ತಾಗಿದ್ದರೆ ಅವತ್ತೇ ಬಂದು ಎಳೆದುಕೊಂಡು ಹೋಗುತ್ತಿದ್ದೆ. ದೇವಕ್ಕನ ಹೆರಿಗೆ ಯಾರು ಮಾಡಬೇಕಿತ್ತು? ಮೊದಲ ಕೂಸಿನ ಅಳು ಕೇಳುವ ಮುಂಚೆ ನಾನು ಮನೆ ಬಿಡುವವಳಾಗಿರಲಿಲ್ಲ. ಕೇಳಿದೆ. ಸಾಕು.

ಇನ್ನು ಬರುತ್ತೇನೆ. ದೀಪಾವಳಿಗೆ ನಾಲ್ಕು ತೊಟ್ಟಿಲು ಕೊಡುವುದಿದೆ, ಅದು ಮುಗಿದ ಮೇಲೆ ನವೆಂಬರ್ ಹದಿನಾಲ್ಕಕ್ಕೆ ಹುಬ್ಬಳ್ಳಿಯಿಂದ ಹೊರಡುತ್ತೇವೆ. ಕೂಡಲೇ ರೈಲು ಹತ್ತು ಎಂದಿದ್ದೀ. ಮೂರು ತಿಂಗಳು ಶೀಶೆ ಕಾದಿದೆ, ನಾನು ನಾಲ್ಕು ವಾರ ಕಾಯಲಾರೆನೇ? ನಿಜ ಹೇಳಬೇಕೆಂದರೆ ಹೆದರಿಕೆ ಆಗಿದೆ. ಕೂಸಿನ ಮುಖ ಎರಡೆರಡಾಗಿ ಕಾಣುತ್ತದೆ. ಎರಡು ಮೊಮ್ಮಕ್ಕಳು ಎಂದು ನಕ್ಕು ಬಿಡುತ್ತೇನೆ, ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತೇನೆ.

ಎದುರಿಗೆ ಹೇಳುತ್ತೇನೆ ಎಂದದ್ದು ಏನೆಂದು ನನಗೆ ಗೊತ್ತು. ನಿಮ್ಮ ಮಾವನ ವೈರಸ್ಸು ನನಗೆ ಅಂಟಿದೆ. ಟವೆಲ್ಲು ಬೇರೆ ಇಡು ಎಂದು ನೀನು ಹೇಳುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು. ಇದನ್ನು ಅವರಿಗೆ ಮಾತ್ರ ಹೇಳಬೇಡ, ತಮ್ಮಾ. ತನ್ನಿಂದ ಹೆಂಡತಿಗೆ ಬಂತು ಎಂದು ಗೊತ್ತಾದರೆ ಆ ಮನುಷ್ಯ ಬದುಕುವುದಿಲ್ಲ.

ನೀನು ಹೆದರಬೇಕಾದದ್ದು ಏನೂ ಇಲ್ಲ. ಮಗಳಿಗೂ ಮೊಮ್ಮಗಳಿಗೂ ಅದು ತಗಲಬಾರದು ಎಂದು ಎಲ್ಲ ಬಂದೋಬಸ್ತು ಮಾಡಿದ್ದೇನೆ. ನಿನ್ನ ಕಾಗದ ಬಂದ ದಿನದಿಂದ ಕೂಸನ್ನು ಎತ್ತಿಕೊಂಡಿಲ್ಲ. ನಾನು ಒಳಗೆ ಅಡಿಗೆ ಮನೆಯಲ್ಲೇ ಇರುತ್ತೇನೆ, ಅಲ್ಲೇ ಮಲಗುತ್ತೇನೆ. ದೇವಕ್ಕನ ಹಾಸಿಗೆಯನ್ನೂ ಕೂಸಿನ ತೊಟ್ಟಿಲನ್ನೂ ಹಿತ್ತಿಲ ಛಪ್ಪರದಲ್ಲಿ, ನಾನು ಇಷ್ಟು ದಿನ ಕೂತು ಉಜ್ಜುತ್ತಿದ್ದ ಮೂಲೆಗೆ ಹಾಕಿಸಿದ್ದೇನೆ. ಗಾಳಿ ಹೊಗದ ಹಾಗೆ ಸುತ್ತಲೂ ಗೋಣಿ ತಟ್ಟು ಕಟ್ಟಿಸಿದೆ, ಅಗದಿ ಬೆಚ್ಚಗಿದೆ. ನನ್ನ ಉಸಿರು ಅಲ್ಲಿಗೆ ಮುಟ್ಟುವುದಿಲ್ಲ.

"ಸುಮ್ನ ಕುಂತ್ರ ಹೊತ್ತ ಹೋಗೂದಿಲ್ಲಬೇ ಅವ್ವಾ, ಇತ್ತ ತಾ" ಎಂದು ದೀಪಾವಳಿಯ ತೊಟ್ಟಿಲುಗಳನ್ನು ಅವಳೇ ಹತ್ತಿರಕ್ಕೆ ಎಳೆದುಕೊಂಡಿದ್ದಾಳೆ. ಒಂದು ಕೈಯಲ್ಲಿ ಕೂಸನ್ನು ತೂಗುತ್ತಾಳೆ, ಇನ್ನೊಂದು ಕೈಯಲ್ಲಿ ಪಾಲಿಶ್ ಪೇಪರ್ ಆಡಿಸುತ್ತಾಳೆ. ನಿನ್ನೆ ಬಾಗಿಲಿನಿಂದ ಇಣುಕಿ ನೋಡಿದೆ, ಕೂಸಿನ ರೆಪ್ಪೆಯ ಮೇಲೂ ಹುಡಿ ಕೂತು ಬಂಗಾರದ ಹಾಗೆ ಹೊಳೆಯುತ್ತಿತ್ತು.

ಬಾಣಂತಿಯನ್ನು ಕೆಲಸಕ್ಕೆ ಹಚ್ಚಿದ್ದಾಳೆ ಎಂದು ನನ್ನನ್ನು ಬೈಯಬೇಡ. ಕೆಲಸ ಏನೂ ಮಾಡಿಸುತ್ತಿಲ್ಲ. ಬರೀ ಉಜ್ಜುತ್ತಾಳೆ.

ನಿನ್ನ ಅಕ್ಕ,
ಸಾವಂತ್ರೆವ್ವ